ಗ್ಯಾರೇಜಿನ ಕಂಪ್ಯೂಟರಿಗೆ ನೆಟ್ ಸಿಗದಿದ್ದಾಗ: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಮನೆಯೊಳಗಿನ ಫೋನು, ಟಿವಿ, ಲ್ಯಾಪ್‌ಟಾಪ್ ಎಲ್ಲಕ್ಕೂ ನೆಟ್ ಚೆನ್ನಾಗಿ ಬರುತ್ತದೆ. ಗ್ಯಾರೇಜಿನಲ್ಲಿಟ್ಟ ಹಳೆಯ ಕಂಪ್ಯೂಟರಿಗೆ ಮಾತ್ರ ಒಮ್ಮೆ ಬಂದರೆ ಇನ್ನೊಮ್ಮೆ ಇಲ್ಲ. ಇಂಥ ಹೊತ್ತಿನಲ್ಲಿ ಬಹಳಷ್ಟು ಜನ ಮೊದಲು ಮಾಡುವುದು ಹೊಸ ರೂಟರ್ ಕೊಳ್ಳುವ ಯೋಚನೆ. ಅದು ಬೇಡ. ಗ್ಯಾರೇಜಿಗೆ ನೆಟ್ ಒಯ್ಯಲು, ಬಳಸದೆ ಬಿದ್ದಿರುವ ಹಳೆಯ ರೂಟರ್, ಒಂದು ಉದ್ದನೆಯ ಕೇಬಲ್ ಅಥವಾ ಒಂದು ಯುಎಸ್‌ಬಿ ವೈಫೈ ಅಡಾಪ್ಟರ್, ಇವುಗಳಲ್ಲಿ ಯಾವುದಾದರೂ ಒಂದು ಸಾಕು. ಕಷ್ಟ ಇರುವುದು ಜೋಡಿಸುವುದರಲ್ಲಿ ಅಲ್ಲ, ಕೆಟ್ಟಾಗ ಹುಡುಕುವುದರಲ್ಲಿ. ಅಗ್ಗದ ಸಾಮಾನು ತನಗೆ ಏನಾಗಿದೆ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಎಲ್ಲ ದೋಷಗಳೂ ಪರದೆಯ ಮೇಲೆ ಒಂದೇ ತರಹ ಕಾಣುತ್ತವೆ: ಪುಟ ತೆರೆಯುತ್ತಿಲ್ಲ, ಚಕ್ರ ತಿರುಗುತ್ತಲೇ ಇದೆ.

ಹಾಗಾಗಿ ಊಹೆ ಮಾಡುತ್ತಾ ಕೂರದೆ, ರೂಟರಿನಿಂದ ಕಂಪ್ಯೂಟರಿನವರೆಗಿನ ದಾರಿಯನ್ನು ಎರಡು ಭಾಗ ಮಾಡಿ, ದೋಷ ಯಾವ ಭಾಗದಲ್ಲಿದೆ ಎಂದು ಮೊದಲು ಗೊತ್ತುಮಾಡಿಕೊಳ್ಳಬೇಕು. ಸಿಕ್ಕ ಭಾಗವನ್ನು ಮತ್ತೆ ಎರಡು ಮಾಡಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ವೈಫೈ ಓಡುವ ಚಾನೆಲ್ ಬದಲಿಸಿ, ಕಾರ್ಡನ್ನು ನಡೆಸುವ ತಂತ್ರಾಂಶವಾದ ಡ್ರೈವರ್ ಹೊಸದು ಹಾಕಿ, ಕೇಬಲ್ಲನ್ನೂ ಬದಲಿಸಿದ ಮೇಲೆ ಸರಿಯಾದರೆ ಸರಿಯಾದದ್ದು ಯಾವುದರಿಂದ ಎಂದು ಗೊತ್ತಾಗುವುದೇ ಇಲ್ಲ. ತಿಂಗಳಾದ ಮೇಲೆ ಅದೇ ತೊಂದರೆ ಮರಳಿದಾಗ ಮತ್ತೆ ಮೊದಲಿನಿಂದ ಶುರು.

ಕಂಪ್ಯೂಟರನ್ನೇ ಮನೆಯೊಳಗೆ ತನ್ನಿ

ಇದನ್ನು ಹೇಳಿದರೆ ಯಾರಿಗೂ ಇಷ್ಟವಾಗುವುದಿಲ್ಲ, ಸಿಪಿಯು ಹೊತ್ತು ತರಬೇಕಲ್ಲ. ಆದರೆ ಇಷ್ಟು ಕಡಿಮೆ ಹೊತ್ತಿನಲ್ಲಿ ಇಷ್ಟು ಹೆಚ್ಚು ತಿಳಿಸುವ ಪರೀಕ್ಷೆ ಬೇರೆ ಇಲ್ಲ. ಗ್ಯಾರೇಜಿನ ಕಂಪ್ಯೂಟರನ್ನು ಮನೆಯ ರೂಟರಿನ ಪಕ್ಕದಲ್ಲಿಟ್ಟು, ಚೆನ್ನಾಗಿದೆ ಎಂದು ಗೊತ್ತಿರುವ ಒಂದು ಗಿಡ್ಡ ಕೇಬಲ್ಲಿನಿಂದ ರೂಟರಿನ ಲ್ಯಾನ್ ಪೋರ್ಟಿಗೆ, ಅಂದರೆ ಮನೆಯ ಸಾಧನಗಳಿಗೆಂದು ಇರುವ ತೂತಿಗೆ, ಸಿಕ್ಕಿಸಿ. ನೆಟ್ ಬಂತೇ? ಹಾಗಾದರೆ ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡು, ಅದರ ಡ್ರೈವರ್, ಸೆಟ್ಟಿಂಗು ಸರಿಯಿವೆ. ದೋಷ ಮನೆ ಮತ್ತು ಗ್ಯಾರೇಜಿನ ನಡುವೆ ಇದೆ. ಬರಲಿಲ್ಲವೇ? ಗೋಡೆ, ದೂರ, ಶಟರ್ ಯಾವುದನ್ನೂ ದೂರಬೇಡಿ, ಕಂಪ್ಯೂಟರಿನಲ್ಲೇ ಏನೋ ಇದೆ. ವೈಫೈ ಅಡಾಪ್ಟರ್ ಬಳಸುತ್ತಿದ್ದರೆ ಕೇಬಲ್ ತೆಗೆದು, ಅಲ್ಲೇ ಎರಡು ಮೂರು ಮೀಟರ್ ದೂರದಲ್ಲಿ ವೈಫೈಯನ್ನೂ ನೋಡಿಬಿಡಿ.

ಹೊತ್ತು ತರಲು ಆಗದಿದ್ದರೆ ತಿರುವು ಮುರುವು ಮಾಡಿ: ಮನೆಯಲ್ಲಿ ಸರಿಯಾಗಿ ಓಡುವ ಲ್ಯಾಪ್‌ಟಾಪನ್ನು ಗ್ಯಾರೇಜಿಗೆ ಒಯ್ದು, ಹಳೆಯ ಕಂಪ್ಯೂಟರ್ ಇದ್ದ ಜಾಗದಲ್ಲೇ, ಅದೇ ಎತ್ತರದಲ್ಲಿ, ಅದೇ ಕೇಬಲ್ಲಿಗೆ ಸಿಕ್ಕಿಸಿ. ವೈಫೈ ವಿಷಯದಲ್ಲಿ ಮಾತ್ರ ಇದನ್ನು ಪೂರ್ತಿ ನಂಬುವಂತಿಲ್ಲ. ಲ್ಯಾಪ್‌ಟಾಪಿನಲ್ಲಿ ಆಂಟೆನಾ ಪರದೆಯ ಅಂಚಿನಲ್ಲಿರುತ್ತದೆ. ಉಗುರಿನಷ್ಟಿರುವ ಯುಎಸ್‌ಬಿ ಅಡಾಪ್ಟರಿನ ಆಂಟೆನಾ ಸಿಪಿಯು ಹಿಂದೆ, ತಗಡಿನ ಡಬ್ಬದ ನೆರಳಿನಲ್ಲಿ ಅಡಗಿರುತ್ತದೆ.

ರೂಟರಿನ ಪಕ್ಕದಲ್ಲಿಟ್ಟರೂ ಪುಟ ತೆರೆಯದಿದ್ದರೆ ಅನುಮಾನ ಮೊದಲು ಕಾರ್ಡು, ಡ್ರೈವರಿನ ಮೇಲೆ ಬೀಳುತ್ತದೆ. ಆದರೆ ಗ್ಯಾರೇಜಿನ ಹಳೆಯ ಕಂಪ್ಯೂಟರುಗಳಲ್ಲಿ ಇನ್ನೊಂದು ದೋಷ ಪದೇ ಪದೇ ಸಿಗುತ್ತದೆ. ಪಿಂಗ್, ಅಂದರೆ ಇನ್ನೊಂದು ಸಾಧನಕ್ಕೆ ಪುಟ್ಟ ಸಂದೇಶ ಕಳಿಸಿ ಉತ್ತರ ಬರುತ್ತದೆಯೇ ಎಂದು ನೋಡುವ ಕಮಾಂಡ್, ಸರಿಯಾಗಿ ಹೋಗುತ್ತದೆ, ಐಪಿ ವಿಳಾಸ ಸರಿಯಿದೆ, ಆದರೂ ಒಂದೊಂದು ಪುಟಕ್ಕೂ ‘ಈ ಸಂಪರ್ಕ ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ. ಮೂಲೆಯಲ್ಲಿರುವ ಗಡಿಯಾರ ನೋಡಿ. ಮದರ್‌ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿ, ಸಿಆರ್2032, ಸತ್ತಿದ್ದರೆ ಕರೆಂಟ್ ತೆಗೆದಾಗಲೆಲ್ಲ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗುತ್ತದೆ. ಜಾಲತಾಣದ ಪ್ರಮಾಣಪತ್ರ ಇನ್ನೂ ಹುಟ್ಟಿಯೇ ಇಲ್ಲ ಎಂದು ಬ್ರೌಸರ್ ತಿಳಿಯುತ್ತದೆ. ನೆಟ್‌ವರ್ಕಿನಲ್ಲಿ ಏನೂ ತಪ್ಪಿಲ್ಲ, ಬ್ಯಾಟರಿ ಬದಲಿಸಿ ದಿನಾಂಕ ಸರಿಪಡಿಸಿದರೆ ಮುಗಿಯಿತು.

ವಿಳಾಸ ಓದಿ, ಹಂತ ಹಂತವಾಗಿ ಪಿಂಗ್ ಮಾಡಿ

ಕಂಪ್ಯೂಟರನ್ನು ಮತ್ತೆ ಅದರ ಜಾಗದಲ್ಲಿಟ್ಟು ಕಮಾಂಡ್ ಕಿಟಕಿ ತೆರೆಯಿರಿ. ವಿಂಡೋಸ್‌ನಲ್ಲಿ ‘ಐಪಿಕಾನ್ಫಿಗ್’, ಲಿನಕ್ಸಿನಲ್ಲಿ ‘ಐಪಿ ಎ’. ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರಗಳಲ್ಲೇ. ಬಂದ ಸಾಲುಗಳಲ್ಲಿ ನಿಮಗೆ ಬೇಕಾದದ್ದು ಎರಡು: ನೆಟ್‌ವರ್ಕಿನಲ್ಲಿ ಕಂಪ್ಯೂಟರನ್ನು ಗುರುತಿಸುವ ಸಂಖ್ಯೆಯಾದ ಐಪಿ ವಿಳಾಸ, ಮತ್ತು ಗೇಟ್‌ವೇ ವಿಳಾಸ, ಅಂದರೆ ಹೊರಗೆ ಹೋಗುವ ಬಾಗಿಲಾದ ರೂಟರಿನ ವಿಳಾಸ. ಲಿನಕ್ಸಿನಲ್ಲಿ ಗೇಟ್‌ವೇ ಕಾಣಲು ‘ಐಪಿ ಆರ್’ ಎಂದು ಇನ್ನೊಂದು ಕಮಾಂಡ್ ಕೊಡಬೇಕು.

ವಿಳಾಸ 169.254 ಎಂದು ಶುರುವಾಗಿದ್ದರೆ ಅದನ್ನು ರೂಟರ್ ಕೊಟ್ಟಿಲ್ಲ. ವಿಳಾಸ ಕೊಡಿ ಎಂದು ಕಂಪ್ಯೂಟರ್ ಕೂಗಿದೆ, ಯಾರೂ ಓಗೊಡಲಿಲ್ಲ, ಕಾದು ಕಾದು ತಾನೇ ಒಂದನ್ನು ಇಟ್ಟುಕೊಂಡಿದೆ. ಅಂದರೆ ರೂಟರಿನವರೆಗೆ ದಾರಿಯೇ ಇಲ್ಲ, ಅಥವಾ ಇದ್ದರೂ ವಿಪರೀತ ನಷ್ಟವಾಗುತ್ತಿದೆ, ಅಥವಾ ವಿಳಾಸ ಹಂಚುವ ಡಿಎಚ್‌ಸಿಪಿ ಕೆಲಸ ಮಾಡುತ್ತಿಲ್ಲ. ಅದೇ 192.168 ಎಂದು ಶುರುವಾಗಿ, ಮೂರನೆಯ ಸಂಖ್ಯೆಯೂ ಮನೆಯ ಉಳಿದ ಸಾಧನಗಳಂತೆಯೇ ಇದ್ದರೆ ಮುಂದಕ್ಕೆ ಹೋಗಬಹುದು. ಮೂರನೆಯ ಸಂಖ್ಯೆ ಬೇರೆ ಇದ್ದರೆ ನಡುವೆ ಇನ್ನೊಬ್ಬ ಯಜಮಾನ ಕೂತಿದ್ದಾನೆ ಎಂದು ಅರ್ಥ. ಆ ಕಥೆ ಹಳೆಯ ರೂಟರಿನ ಭಾಗದಲ್ಲಿ ಬರುತ್ತದೆ.

ಈಗ ಪಿಂಗ್. ಮೊದಲು ಗೇಟ್‌ವೇಗೆ, ಉದಾಹರಣೆಗೆ 192.168.1.1. ಅದು ಉತ್ತರ ಕೊಟ್ಟರೆ ಹೊರಗಿರುವ ಗೂಗಲ್‌ನ ವಿಳಾಸ 8.8.8.8. ಅದೂ ಕೊಟ್ಟರೆ ಯಾವುದಾದರೂ ತಾಣದ ಹೆಸರು. ಗೇಟ್‌ವೇಯಲ್ಲೇ ನಿಂತರೆ ದೋಷ ಮನೆಯೊಳಗಿನದು. ಗೇಟ್‌ವೇ ದಾಟಿ 8.8.8.8ಕ್ಕೆ ಹೋಗದಿದ್ದರೆ ಮನೆಯ ರೂಟರಿನಿಂದ ಆಚೆಯದು, ಗ್ಯಾರೇಜಿಗೂ ಅದಕ್ಕೂ ಸಂಬಂಧವಿಲ್ಲ. ಸಂಖ್ಯೆಗೆ ಹೋಗಿ ಹೆಸರಿಗೆ ಹೋಗದಿದ್ದರೆ ದೋಷ ಡಿಎನ್‌ಎಸ್‌ನಲ್ಲಿ, ಅಂದರೆ ತಾಣದ ಹೆಸರನ್ನು ಸಂಖ್ಯೆಯ ವಿಳಾಸಕ್ಕೆ ಬದಲಿಸಿಕೊಡುವ ಸೇವೆಯಲ್ಲಿ. ಹಿಂದೆಂದೋ ಯಾರೋ ಕಂಪ್ಯೂಟರಿನಲ್ಲಿ ಕೈಯಾರೆ ಬರೆದಿಟ್ಟ ಡಿಎನ್‌ಎಸ್ ವಿಳಾಸ ಹಾಗೇ ಉಳಿದಿರುವುದು ಹಳೆಯ ಯಂತ್ರಗಳಲ್ಲಿ ಸಾಮಾನ್ಯ. ಅದನ್ನು ‘ತಾನಾಗಿಯೇ ಪಡೆ’ ಎಂಬ ಆಯ್ಕೆಗೆ ಹಾಕಿ.

ನಾಲ್ಕು ಪಿಂಗ್ ನೋಡಿ ತೀರ್ಮಾನಕ್ಕೆ ಬರಬೇಡಿ. ವಿಂಡೋಸ್‌ನಲ್ಲಿ ವಿಳಾಸದ ಕೊನೆಗೆ ‘-ಟಿ’ ಸೇರಿಸಿದರೆ ನಿಲ್ಲಿಸುವವರೆಗೂ ಓಡುತ್ತದೆ. ಐದು ನಿಮಿಷ ಬಿಟ್ಟು ನೋಡಿ. ಕೇಬಲ್ಲಿನಲ್ಲಿ ಗೇಟ್‌ವೇ 1 ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಉತ್ತರಿಸಬೇಕು, ಒಂದೂ ತಪ್ಪಬಾರದು. ವೈಫೈಯಲ್ಲಿ ಕೆಲವು ಮಿಲಿಸೆಕೆಂಡು ಸಹಜ. 3, 4, 3, ಆಮೇಲೆ 480, ಆಮೇಲೆ ‘ಟೈಮ್ಡ್ ಔಟ್’, ಮತ್ತೆ 3, ಹೀಗೆ ಜಿಗಿಯುತ್ತಿದ್ದರೆ ಸಿಗ್ನಲ್ ಅಂಚಿನಲ್ಲಿದೆ, ಅಥವಾ ಯಾವುದೋ ಗದ್ದಲ ಅಡ್ಡ ಬರುತ್ತಿದೆ.

ಶಟರ್ ಎತ್ತಿದಾಗ ಬರುವ, ಎಳೆದಾಗ ಹೋಗುವ ವೈಫೈ

ನನ್ನನ್ನು ಬಹಳ ದಿನ ಕಾಡಿದ ದೋಷ ಇದೇ. ಹಗಲು ಗ್ಯಾರೇಜಿಗೆ ಹೋಗಿ ನೋಡಿದಾಗಲೆಲ್ಲ ಕಂಪ್ಯೂಟರ್ ಸರಿಯಾಗಿ ಓಡುತ್ತಿತ್ತು. ರಾತ್ರಿ ಅದು ಬ್ಯಾಕಪ್ ಮಾಡಬೇಕಾದ ಹೊತ್ತಿಗೆ ಮಾತ್ರ ನೆಟ್ ಇರುತ್ತಿರಲಿಲ್ಲ. ರಾತ್ರಿ ಹೊತ್ತು ಸುತ್ತಮುತ್ತ ಎಲ್ಲರೂ ನೆಟ್ ಬಳಸುತ್ತಾರೆ, ಅದಕ್ಕೇ ಇರಬೇಕು ಎಂದುಕೊಂಡು ಚಾನೆಲ್ ಬದಲಿಸುತ್ತಾ ಕೂತೆ. ಒಂದು ದಿನ ಒಳಗಿನ ಬಾಗಿಲಿನಿಂದ ಹೋಗಿ, ಶಟರ್ ಎತ್ತದೆಯೇ ಸಿಗ್ನಲ್ ಓದಿದೆ: ಶೇಕಡಾ 42. ಶಟರ್ ಎತ್ತಿದೆ: ಶೇಕಡಾ 76. ಪರೀಕ್ಷೆ ಮಾಡಲು ಹೋದಾಗಲೆಲ್ಲ ನಾನೇ ಶಟರ್ ಎತ್ತಿ ಒಳಗೆ ಹೋಗುತ್ತಿದ್ದೆ. ದೋಷ ಇರುವ ಸ್ಥಿತಿಯನ್ನು ಒಮ್ಮೆಯೂ ನೋಡಿಯೇ ಇರಲಿಲ್ಲ.

ಆ ಶೇಕಡಾ ಸಂಖ್ಯೆ ಸಿಗುವುದು ವಿಂಡೋಸ್‌ನಲ್ಲಿ ‘ನೆಟ್‌ಶ್ ವ್ಲಾನ್ ಶೋ ಇಂಟರ್‌ಫೇಸಸ್’ ಎಂಬ ಕಮಾಂಡಿನಿಂದ. ಪರದೆಯ ಮೂಲೆಯ ಗೀಟುಗಳನ್ನು ಎಣಿಸುವುದಕ್ಕಿಂತ ಇದು ಎಷ್ಟೋ ಮೇಲು. ಅದನ್ನು ಎರಡರಿಂದ ಭಾಗಿಸಿ ನೂರು ಕಳೆದರೆ ಸಿಗ್ನಲ್ಲಿನ ಶಕ್ತಿ ಅಳೆಯುವ ಡಿಬಿಎಂ ಲೆಕ್ಕ ಬರುತ್ತದೆ: ಶೇಕಡಾ 76 ಎಂದರೆ −62, ಶೇಕಡಾ 42 ಎಂದರೆ −79. ಈ ಲೆಕ್ಕದಲ್ಲಿ ಪ್ರತಿ 3 ಇಳಿದರೆ ಶಕ್ತಿ ಅರ್ಧವಾಗುತ್ತದೆ, 10 ಇಳಿದರೆ ಹತ್ತನೇ ಒಂದು. ನನ್ನ ಶಟರ್ ನುಂಗುತ್ತಿದ್ದದ್ದು 17, ಅಂದರೆ ಬರುತ್ತಿದ್ದ ಶಕ್ತಿಯ ಐವತ್ತರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತಿತ್ತು. ಸ್ಥೂಲವಾಗಿ ಹೇಳುವುದಾದರೆ −67ರವರೆಗೆ ನೆಮ್ಮದಿ. −70 ದಾಟಿದರೆ ಪುಟಗಳು ತೆರೆಯುತ್ತವೆ, ದೊಡ್ಡ ಫೈಲು ತೊಳಲಾಡುತ್ತದೆ. −80ರ ಹತ್ತಿರ ಹೋದರೆ ಸಂಪರ್ಕ ಬಿಟ್ಟು ಬಿಟ್ಟು ಹೋಗುತ್ತದೆ.

ತಗಡು ರೇಡಿಯೋ ಅಲೆಗೆ ಕನ್ನಡಿಯಿದ್ದಂತೆ, ಬಂದದ್ದನ್ನು ಬಂದ ದಾರಿಗೇ ತಿರುಗಿಸುತ್ತದೆ. ಶಟರ್ ಅಷ್ಟೇ ಅಲ್ಲ, ತಗಡಿನ ಚಾವಣಿ, ಬಿಸಿಲು ತಡೆಯಲು ಹಾಕುವ ಅಲ್ಯೂಮಿನಿಯಂ ಹಾಳೆಯ ಪದರ, ಕಬ್ಬಿಣದ ಕಪಾಟು, ದಾರಿಗೆ ಅಡ್ಡ ನಿಂತ ಕಾರು, ಎಲ್ಲವೂ ಹಾಗೇ. ಕಾರು ಒಳಗಿದ್ದಾಗ ಒಂದು ಓದು, ಹೊರಗಿದ್ದಾಗ ಒಂದು ಓದು ತೆಗೆದುಕೊಳ್ಳಿ. ಕಾಂಕ್ರೀಟು ಪ್ರತಿಫಲಿಸುವುದಕ್ಕಿಂತ ಹೀರುವುದು ಹೆಚ್ಚು.

ಇಲ್ಲಿ ಹೊಸ ರೂಟರ್ ತಂದರೆ ಏನೂ ಆಗುವುದಿಲ್ಲ. ರೂಟರ್ ಎಷ್ಟೇ ಗಟ್ಟಿಯಾಗಿ ಕೂಗಿದರೂ ಕಂಪ್ಯೂಟರಿನ ಪುಟ್ಟ ಅಡಾಪ್ಟರ್ ಹಿಂದಿರುಗಿ ಹೇಳುವುದು ಅದಕ್ಕೆ ಕೇಳಿಸಬೇಕಲ್ಲ. ವೈಫೈ ಎರಡೂ ಕಡೆಯ ಮಾತು. ಹಾಗಾಗಿ ಕಂಪ್ಯೂಟರಿನ ಕಡೆಯ ಆಂಟೆನಾವನ್ನು ಒಳ್ಳೆಯ ಜಾಗಕ್ಕೆ ತರುವುದೇ ಅತಿ ಅಗ್ಗದ, ಅತಿ ಫಲ ಕೊಡುವ ಕೆಲಸ. ನಾನು ಮಾಡಿದ್ದು ಇಷ್ಟೇ: ಅಡಾಪ್ಟರನ್ನು ಸಿಪಿಯು ಹಿಂಭಾಗದಿಂದ ತೆಗೆದು, ಮೂರು ಮೀಟರಿನ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ಲಿಗೆ ಸಿಕ್ಕಿಸಿ, ಮನೆಯ ಕಡೆಗಿದ್ದ ಗೋಡೆಯ ಗವಾಕ್ಷಿಯ ಪಕ್ಕ ಮೊಳೆಗೆ ಕಟ್ಟಿದೆ. ಶಟರ್ ಎಳೆದಿದ್ದರೂ ಶೇಕಡಾ 68 ಬಂತು, ಅಂದರೆ −66. ಅಂದಿನಿಂದ ರಾತ್ರಿಯ ಬ್ಯಾಕಪ್ ತಪ್ಪಿಲ್ಲ. ಎಕ್ಸ್‌ಟೆನ್ಷನ್ ಐದು ಮೀಟರ್ ದಾಟದಿರಲಿ, ಯುಎಸ್‌ಬಿ 2.0ಕ್ಕೆ ಅದೇ ಮಿತಿ.

ಹೀಗೆ ದೂರ ಇಡುವುದರಿಂದ ಇನ್ನೊಂದು ಉಪಕಾರವೂ ಉಂಟು. ನೀಲಿ ಬಾಯಿಯ ಯುಎಸ್‌ಬಿ 3.0 ಪೋರ್ಟು, ಅದಕ್ಕೆ ಸಿಕ್ಕಿಸಿದ ಹಾರ್ಡ್ ಡಿಸ್ಕು, ಇವು 2.4 ಗಿಗಾಹರ್ಟ್ಸ್ ಸುತ್ತ ಸದ್ದು ಹೊರಡಿಸುತ್ತವೆ. ವೈಫೈ ಅಡಾಪ್ಟರ್ ಪಕ್ಕದಲ್ಲೇ ಇದ್ದರೆ ಡಿಸ್ಕಿಗೆ ಫೈಲ್ ಬರೆಯಲು ಶುರುಮಾಡಿದ ಕೂಡಲೇ ನೆಟ್ ಸಾಯುತ್ತದೆ. ಬ್ಯಾಕಪ್ ಮಾಡುವಾಗಲೇ ನೆಟ್ ಹೋಗುತ್ತಿದೆ ಎಂದರೆ ಮೊದಲು ಇದನ್ನು ನೋಡಿ.

ರೂಟರಿನ ಕಡ್ಡಿ ಆಂಟೆನಾವನ್ನು ಗ್ಯಾರೇಜಿನತ್ತ ಗುರಿಯಿಟ್ಟು ತಿರುಗಿಸುವವರನ್ನು ನೋಡಿದ್ದೇನೆ. ಅದು ಉಲ್ಟಾ. ಕಡ್ಡಿಯ ತುದಿಯಿಂದ ಸಿಗ್ನಲ್ ಹೊರಡುವುದು ಅತಿ ಕಡಿಮೆ, ಅದರ ಸುತ್ತ ಬಳೆಯಂತೆ ಹರಡುವುದೇ ಹೆಚ್ಚು. ಗ್ಯಾರೇಜು ಅದೇ ನೆಲಮಟ್ಟದಲ್ಲಿದ್ದರೆ ಕಡ್ಡಿ ನೆಟ್ಟಗೆ ನಿಂತಿರಲಿ.

5 ಗಿಗಾಹರ್ಟ್ಸ್ ವೇಗ ನಿಜ, ಆದರೆ ಗೋಡೆ ದಾಟುವುದರಲ್ಲಿ 2.4 ಮೇಲು. ಗ್ಯಾರೇಜಿಗೆ 2.4ನ್ನೇ ಬಳಸಿ. ರೂಟರಿನಲ್ಲಿ ಚಾನೆಲ್ 1, 6 ಅಥವಾ 11ರಲ್ಲಿ ಒಂದನ್ನು, ಅಗಲ 20 ಮೆಗಾಹರ್ಟ್ಸ್ ಎಂದು ಇಡಿ. ಈ ಮೂರು ಮಾತ್ರ ಒಂದರ ಮೇಲೊಂದು ಬೀಳುವುದಿಲ್ಲ. ರೂಟರ್ ತಾನಾಗಿ 12 ಅಥವಾ 13ಕ್ಕೆ ಹೋಗಿ ಕೂತರೆ ಕೆಲವು ಅಡಾಪ್ಟರುಗಳಿಗೆ ಆ ನೆಟ್‌ವರ್ಕು ಕಾಣಿಸುವುದೇ ಇಲ್ಲ. ಪಟ್ಟಿಯಲ್ಲಿ ಹೆಸರಿದೆ, ಪಾಸ್‌ವರ್ಡ್ ಸರಿಯಿದೆ, ಆದರೂ ಸೇರುತ್ತಿಲ್ಲ ಎಂದಾದರೆ ಭದ್ರತೆಯ ಸೆಟ್ಟಿಂಗ್ ನೋಡಿ. ರೂಟರ್ ಡಬ್ಲ್ಯುಪಿಎ3 ಎಂಬ ಹೊಸ ಭದ್ರತೆ ಮಾತ್ರ ಎಂದು ಹಟ ಹಿಡಿದಿದ್ದರೆ ಹಳೆಯ ಅಡಾಪ್ಟರ್ ಸೇರಲಾರದು. ಡಬ್ಲ್ಯುಪಿಎ2, ಎಇಎಸ್ ಎಂದು ಮಾಡಿ. ಟಿಕೆಐಪಿ ಎಂಬ ಹಳೆಯ ಆಯ್ಕೆ ಬೇಡ, ಅದರಲ್ಲಿ ವೇಗ 54 ಮೆಗಾಬಿಟ್ಟಿಗೇ ನಿಲ್ಲುತ್ತದೆ.

ಬಹಳ ಹೊತ್ತು ಸುಮ್ಮನಿದ್ದ ಮೇಲೆ ಮಾತ್ರ ಸಂಪರ್ಕ ಹೋಗುತ್ತಿದ್ದರೆ ಡಿವೈಸ್ ಮ್ಯಾನೇಜರಿನಲ್ಲಿ ಅಡಾಪ್ಟರಿನ ‘ಪವರ್ ಮ್ಯಾನೇಜ್‌ಮೆಂಟ್’ ತೆರೆದು, ವಿದ್ಯುತ್ ಉಳಿಸಲು ಈ ಸಾಧನವನ್ನು ಆಫ್ ಮಾಡಬಹುದು ಎಂಬ ಗುರುತನ್ನು ತೆಗೆಯಿರಿ.

ದೀಪ ಹತ್ತಿದೆ, ಆದರೂ ಕೇಬಲ್ ಸರಿಯಿಲ್ಲ

ಎಳೆಯಲು ದಾರಿಯಿದ್ದರೆ ಕೇಬಲ್ಲೇ ನನ್ನ ಮೊದಲ ಆಯ್ಕೆ. ಕ್ಯಾಟ್ 5ಇ ದರ್ಜೆಯದು ಸಾಕು, 100 ಮೀಟರಿನವರೆಗೆ ಗಿಗಾಬಿಟ್, ಅಂದರೆ 1000 ಮೆಗಾಬಿಟ್, ವೇಗ ಕೊಡುತ್ತದೆ, ಒಮ್ಮೆ ಸರಿಯಾಗಿ ಕೂತರೆ ವರ್ಷಗಟ್ಟಲೆ ಅದರ ನೆನಪೇ ಬರುವುದಿಲ್ಲ. ಆದರೆ ಕೇಬಲ್ಲಿನ ದೋಷ ಹುಡುಕುವಾಗ ಪೋರ್ಟಿನ ದೀಪವನ್ನೇ ನಂಬಿ ಬಹಳ ಜನ ದಾರಿ ತಪ್ಪುತ್ತಾರೆ. ದೀಪ ಹತ್ತದಿದ್ದರೆ ದೋಷ ಖಚಿತ. ಹತ್ತಿದೆ ಎಂದರೆ ಕೇಬಲ್ ಸರಿಯಿದೆ ಎಂದಲ್ಲ.

ಮೊದಲು ವೇಗ ನೋಡಿ. ವಿಂಡೋಸ್‌ನಲ್ಲಿ ಅಡಾಪ್ಟರಿನ ‘ಸ್ಟೇಟಸ್’ ಕಿಟಕಿಯಲ್ಲಿ ‘ಸ್ಪೀಡ್’ ಎಂದು ಇರುತ್ತದೆ. ಎರಡೂ ತುದಿಯ ಸಾಧನಗಳು ಗಿಗಾಬಿಟ್ಟಿನವಾಗಿದ್ದು ಅಲ್ಲಿ 100 ಮೆಗಾಬಿಟ್ ಎಂದಿದ್ದರೆ ಕೇಬಲ್ಲಿನ ಒಂದೆರಡು ತಂತಿ ಮುಟ್ಟುತ್ತಿಲ್ಲ ಎಂಬ ಅನುಮಾನ ಬಲವಾಗುತ್ತದೆ. 100 ಮೆಗಾಬಿಟ್ಟಿಗೆ ಎಂಟರಲ್ಲಿ ನಾಲ್ಕು ತಂತಿ, 1, 2, 3 ಮತ್ತು 6, ಇದ್ದರೆ ಸಾಕು. ಗಿಗಾಬಿಟ್ಟಿಗೆ ಎಂಟೂ ಬೇಕು. ಹೆಚ್ಚಿನ ಕಾರ್ಡುಗಳು ಕೆಳಗಿನ ವೇಗಕ್ಕೆ ಇಳಿದು ಹೇಗೋ ನಡೆಸುತ್ತವೆ, ಕೆಲವು ಹತ್ತುತ್ತಾ ಆರುತ್ತಾ ಇರುತ್ತವೆ. ಗ್ಯಾರೇಜಿನಲ್ಲಿ ತಂತಿ ಕಡಿಯುವ ಜಾಗಗಳು ಗೊತ್ತಿರುವವೇ: ಬಾಗಿಲಿನ ಕೀಲಿನ ಹತ್ತಿರ ಅದುಮಿದ ಕಡೆ, ಗೋಡೆಯ ತೂತಿನಲ್ಲಿ ಚೂಪಾಗಿ ಮಡಚಿದ ಕಡೆ, ಮೊಳೆ ಕ್ಲಿಪ್ಪನ್ನು ಜೋರಾಗಿ ಬಡಿದ ಕಡೆ. ಕೇಬಲ್ ಬಾಗುವಲ್ಲಿ ಎರಡೂವರೆ ಸೆಂಟಿಮೀಟರಿಗಿಂತ ಬಿಗಿಯಾದ ತಿರುವು ಬೇಡ.

ಆಮೇಲೆ ತುದಿಯ ಪ್ಲಗ್ಗು. ಆರ್‌ಜೆ-45 ಪ್ಲಗ್ಗನ್ನು ಬೆಳಕಿಗೆ ಹಿಡಿದು, ಚಿನ್ನದ ಬಣ್ಣದ ಹಲ್ಲುಗಳು ಮೇಲಕ್ಕೆ ಬರುವಂತೆ, ಕೊಕ್ಕೆ ಕೆಳಗಾಗುವಂತೆ, ಕೇಬಲ್ ನಿಮ್ಮತ್ತ ಇರುವಂತೆ ಇಟ್ಟುಕೊಂಡು ಎಡದಿಂದ ಓದಿ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಟಿ568ಬಿ ಎಂಬ ಕ್ರಮ ಇದು. ಎಂಟೂ ತಂತಿಗಳ ತುದಿ ಪ್ಲಗ್ಗಿನ ಮುಂದಿನ ಗೋಡೆಗೆ ತಾಗಿರಬೇಕು. ಒಂದು ಸ್ವಲ್ಪ ಹಿಂದೆ ಉಳಿದಿದ್ದರೂ ಹಲ್ಲು ಅದರ ಮೇಲೆ ಕೂರುವುದಿಲ್ಲ. ಹೊರಗಿನ ಸಿಪ್ಪೆ ಪ್ಲಗ್ಗಿನೊಳಗೆ ಹೋಗಿ ಕಚ್ಚಿಕೊಂಡಿರಬೇಕು, ಇಲ್ಲದಿದ್ದರೆ ಎಳೆತವೆಲ್ಲ ತೆಳ್ಳನೆಯ ತಂತಿಗಳ ಮೇಲೆ ಬೀಳುತ್ತದೆ.

ಈ ಬಣ್ಣದ ಕ್ರಮದಲ್ಲಿ ಹಸಿರು ಜೋಡಿ ನೀಲಿಯನ್ನು ದಾಟಿ ಆಚೀಚೆ ಕೂರುವುದು ನೋಡಲು ವಿಚಿತ್ರ. ಮೊದಲ ಬಾರಿ ಕ್ರಿಂಪ್ ಮಾಡಿದಾಗ, ಅಂದರೆ ತಂತಿಗಳ ಮೇಲೆ ಪ್ಲಗ್ಗನ್ನು ಒತ್ತಿ ಕೂರಿಸಿದಾಗ, ನಾನು ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ಹಸಿರು, ಬಿಳಿ-ನೀಲಿ, ನೀಲಿ ಎಂದು ಜೋಡಿ ಜೋಡಿಯಾಗಿಯೇ ಇಟ್ಟೆ, ಎರಡೂ ತುದಿಯಲ್ಲಿ ಹಾಗೇ. ಎರಡು ಕಡೆ ಒಂದೇ ಇದ್ದರೆ ಸಾಕು ಎಂಬ ಭಾವನೆ. ಎಂಟು ದೀಪದ ಟೆಸ್ಟರ್ ಹಾಕಿದರೆ ಒಂದರಿಂದ ಎಂಟರವರೆಗೆ ಸಾಲಾಗಿ ಹತ್ತಿದವು. ಕಂಪ್ಯೂಟರಿನಲ್ಲಿ ಲಿಂಕೂ ಬಂತು. ಫೈಲ್ ಕಳಿಸಿದರೆ ಮಾತ್ರ ಆಮೆ ನಡಿಗೆ. ಕಾರಣ ಇದು: ಕೇಬಲ್ಲಿನೊಳಗೆ ಎರಡೆರಡು ತಂತಿಗಳನ್ನು ಹೆಣೆದಿರುವುದು ಸುಮ್ಮನೆ ಅಲ್ಲ. ಒಂದೇ ಸಿಗ್ನಲ್ಲಿನ ಎರಡು ತಂತಿಗಳು ಒಂದಕ್ಕೊಂದು ಸುತ್ತಿಕೊಂಡಿದ್ದರೆ ಹೊರಗಿನ ಸದ್ದು ಎರಡರ ಮೇಲೂ ಒಂದೇ ಸಮ ಬಿದ್ದು ಕಳೆದುಹೋಗುತ್ತದೆ. 3 ಮತ್ತು 6 ಒಂದೇ ಸಿಗ್ನಲ್ಲಿನ ಜೋಡಿ. ನಾನು ಇಟ್ಟ ಕ್ರಮದಲ್ಲಿ ಮೂರಕ್ಕೆ ಬಿಳಿ-ಹಸಿರು, ಆರಕ್ಕೆ ನೀಲಿ ಬಂದವು. ಅವೆರಡೂ ಬೇರೆ ಬೇರೆ ಹೆಣಿಗೆಯವು. ಎರಡು ಮೀಟರಿನ ಕೇಬಲ್ಲಿನಲ್ಲಿ ಇದು ಗೊತ್ತೇ ಆಗದೆ ನಡೆದುಬಿಡಬಹುದು, ಗ್ಯಾರೇಜಿನಷ್ಟು ದೂರಕ್ಕೆ ನಡೆಯುವುದಿಲ್ಲ. ಸಾದಾ ಟೆಸ್ಟರ್ ತಂತಿ ತುದಿಯಿಂದ ತುದಿಗೆ ಇದೆಯೇ ಎಂದಷ್ಟೇ ನೋಡುತ್ತದೆ, ಯಾವುದು ಯಾವುದರ ಜೊತೆ ಹೆಣೆದಿದೆ ಎಂದು ಅದಕ್ಕೆ ತಿಳಿಯದು. ಕಣ್ಣಿನಿಂದ ಬಣ್ಣ ಓದುವುದನ್ನು ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಪ್ಲಗ್ಗಿನ ಬಳಿ ಹೆಣಿಗೆ ಬಿಚ್ಚುವುದೂ 13 ಮಿಲಿಮೀಟರ್ ಮೀರದಿರಲಿ.

ಕೇಬಲ್ ಕೊಳ್ಳುವಾಗ ಪೂರ್ತಿ ತಾಮ್ರದ್ದೇ ಎಂದು ಕೇಳಿ ಕೊಳ್ಳಿ. ಅತಿ ಅಗ್ಗದವು ತಾಮ್ರದ ಲೇಪವಿರುವ ಅಲ್ಯೂಮಿನಿಯಂ ಆಗಿರುತ್ತವೆ. ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿದರೆ ಒಳಗೆ ಬೆಳ್ಳಗೆ ಹೊಳೆಯುತ್ತದೆ. ನಾಲ್ಕು ಬಾರಿ ಬಗ್ಗಿಸಿದರೆ ಮುರಿಯುತ್ತದೆ, ಪ್ರತಿರೋಧವೂ ಹೆಚ್ಚು. ಉಳಿತಾಯ ಮಾಡಬಾರದ ಒಂದೇ ಜಾಗ ಇದು.

ಗ್ಯಾರೇಜು ಮನೆಗೆ ಅಂಟಿಕೊಂಡಿರದೆ ಬೇರೆ ಕಟ್ಟಡವಾಗಿದ್ದು, ಅದಕ್ಕೆ ಪ್ರತ್ಯೇಕ ಅರ್ಥಿಂಗ್ ಇದ್ದರೆ ಲೋಹದ ಹೊದಿಕೆಯಿರುವ ಕೇಬಲ್ ಎಳೆಯಬೇಡಿ. ಹೊದಿಕೆ ಎರಡು ಕಟ್ಟಡಗಳ ಅರ್ಥನ್ನು ಒಂದಕ್ಕೊಂದು ಸೇರಿಸಿ, ಬರಬಾರದ ಕರೆಂಟನ್ನು ನೆಟ್‌ವರ್ಕಿನ ದಾರಿಯಲ್ಲಿ ಹರಿಸಬಹುದು. ಹೊದಿಕೆಯಿಲ್ಲದ್ದೇ ಇರಲಿ. ಮನೆಯ ಕರೆಂಟ್ ವೈರಿನ ಪೈಪಿನೊಳಗೆ ಅದನ್ನು ತೂರಿಸಲೇಬೇಡಿ. ಸಿಡಿಲು ಹೆಚ್ಚಿರುವ ಕಡೆ ಬಯಲಿನಲ್ಲಿ ತಾಮ್ರ ಎಳೆಯುವುದಕ್ಕಿಂತ ಗಾಜಿನೆಳೆಯ ಫೈಬರ್ ಮತ್ತು ಅದನ್ನು ಸಾದಾ ಕೇಬಲ್ಲಿಗೆ ಹೊಂದಿಸುವ ಎರಡು ಮೀಡಿಯಾ ಕನ್ವರ್ಟರ್ ಹಾಕುವುದು ಸುರಕ್ಷಿತ. ಬಿಸಿಲಿಗೆ ಬೀಳುವ ಭಾಗಕ್ಕೆ ಹೊರಾಂಗಣಕ್ಕೆಂದೇ ಮಾಡಿದ ಕಪ್ಪು ಸಿಪ್ಪೆಯ ಕೇಬಲ್ ಬೇಕು. ಕೇಬಲ್ ಒಳಗೆ ಬರುವ ಮೊದಲು ಒಂದು ಇಳಿಬಾಗು ಬಿಟ್ಟರೆ ಮಳೆನೀರು ತಂತಿಗುಂಟ ಹರಿದು ಪ್ಲಗ್ಗಿಗೆ ಬರದೆ ಅಲ್ಲೇ ತೊಟ್ಟಿಕ್ಕುತ್ತದೆ.

ಗ್ಯಾರೇಜಿನದನ್ನು ಹಚ್ಚಿದರೆ ಮನೆಯದೇ ಹೋಗುತ್ತದೆ

ಹಳೆಯ ರೂಟರನ್ನು ಗ್ಯಾರೇಜಿನಲ್ಲಿ ವೈಫೈ ಕೊಡಲು ಇಟ್ಟವರಿಗೆ ಬರುವ ದೋಷ ಇದು. ಗ್ಯಾರೇಜಿನ ಕಂಪ್ಯೂಟರಿಗಷ್ಟೇ ಅಲ್ಲ, ಸ್ವಲ್ಪ ಹೊತ್ತಿನಲ್ಲಿ ಮನೆಯ ಒಂದೊಂದೇ ಫೋನಿಗೂ ನೆಟ್ ನಿಲ್ಲುತ್ತದೆ. ಎಲ್ಲವೂ ಒಟ್ಟಿಗೆ ಹೋಗುವುದಿಲ್ಲ, ಒಂದೊಂದಾಗಿ ಹೋಗುತ್ತವೆ ಎಂಬುದೇ ಸುಳಿವು. ಹಳೆಯ ರೂಟರಿಗೆ ತಾನೀಗ ಸಹಾಯಕ ಎಂದು ಯಾರೂ ಹೇಳಿಲ್ಲ, ಅದು ಇನ್ನೂ ವಿಳಾಸ ಹಂಚುತ್ತಿದೆ. ವಿಳಾಸ ಕೇಳಿದ ಸಾಧನ ಸಾಮಾನ್ಯವಾಗಿ ಮೊದಲು ಬಂದ ಉತ್ತರವನ್ನೇ ಒಪ್ಪುತ್ತದೆ. ಹಳೆಯ ರೂಟರಿನ ಉತ್ತರ ಮೊದಲು ಬಂದರೆ ಆ ಫೋನು ಹೊರಗೆ ಹೋಗಲು ದಾರಿಯೇ ಇಲ್ಲದ ಪೆಟ್ಟಿಗೆಯನ್ನು ಗೇಟ್‌ವೇ ಎಂದು ನಂಬುತ್ತದೆ. ತಪ್ಪಿದ ಫೋನಿನ ವೈಫೈ ವಿವರದಲ್ಲಿ ಗೇಟ್‌ವೇ ನೋಡಿ. ಉಳಿದವುಗಳಲ್ಲಿ 192.168.1.1 ಇದ್ದು ಇದರಲ್ಲಿ 192.168.0.1 ಇದ್ದರೆ ಕಳ್ಳ ಸಿಕ್ಕ.

ಸರಿಪಡಿಸುವುದು ಹೀಗೆ. ಹಳೆಯ ರೂಟರನ್ನು ಮನೆಯ ನೆಟ್‌ವರ್ಕಿನಿಂದ ಬಿಡಿಸಿ, ಒಂದು ಕಂಪ್ಯೂಟರಿಗೆ ಮಾತ್ರ ಕೇಬಲ್ಲಿನಿಂದ ಸೇರಿಸಿ. ಹಳೆಯ ಪಾಸ್‌ವರ್ಡ್ ನೆನಪಿಲ್ಲದಿದ್ದರೆ ಹಿಂದಿನ ಪುಟ್ಟ ತೂತಿನಲ್ಲಿರುವ ರೀಸೆಟ್ ಗುಂಡಿಯನ್ನು ಪಿನ್ನಿನಿಂದ ಒತ್ತಿ ಹಿಡಿಯಿರಿ. ಒಳಗೆ ಹೋಗಿ ಮೊದಲು ವೈಫೈ ಹೆಸರು, ಪಾಸ್‌ವರ್ಡ್ ಹಾಕಿ. ಆಮೇಲೆ ಅದರ ಲ್ಯಾನ್ ವಿಳಾಸವನ್ನು 192.168.1.2 ಎಂದು ಮಾಡಿ. ಮನೆಯ ರೂಟರ್ 192.168.1.1 ಆಗಿದ್ದರೆ ಇದು ಹೊಂದುತ್ತದೆ, ಅದು ಹಂಚುವ ವಿಳಾಸಗಳ ಸಾಲಿನಲ್ಲಿ 2 ಇರದಂತೆ ನೋಡಿಕೊಳ್ಳಿ. ಡಿಎಚ್‌ಸಿಪಿಯನ್ನು ನಿಲ್ಲಿಸುವುದು ಕಟ್ಟಕಡೆಗೆ, ಏಕೆಂದರೆ ಅದು ನಿಂತ ಮೇಲೆ ನಿಮ್ಮ ಕಂಪ್ಯೂಟರಿಗೆ ವಿಳಾಸ ಕೊಡುವವರಿಲ್ಲ, ಪುಟ ಮತ್ತೆ ತೆರೆಯುವುದಿಲ್ಲ. ಹೆದರಬೇಡಿ, ಅದು ಕೆಟ್ಟಿಲ್ಲ. ಮನೆಯಿಂದ ಬಂದ ಕೇಬಲ್ ಸಿಕ್ಕಿಸಿದ ಮೇಲೆ 192.168.1.2ರಲ್ಲಿ ಮತ್ತೆ ಸಿಗುತ್ತದೆ.

ಆ ಕೇಬಲ್ ಹಳೆಯ ರೂಟರಿನ ಲ್ಯಾನ್ ಪೋರ್ಟಿಗೇ ಹೋಗಬೇಕು. ಹೊರಗಿನ ನೆಟ್ ಬರಲೆಂದು ಬೇರೆ ಬಣ್ಣದಲ್ಲಿರುವ ವ್ಯಾನ್ ಪೋರ್ಟಿಗೆ ಹಾಕಿದರೆ ಅದು ಮತ್ತೆ ರೂಟರಂತೆಯೇ ವರ್ತಿಸುತ್ತದೆ: ಗ್ಯಾರೇಜಿನ ಕಂಪ್ಯೂಟರಿಗೆ ನೆಟ್ ಬಂದರೂ ಮನೆಯ ಪ್ರಿಂಟರಾಗಲಿ ಬೇರೆ ಕಂಪ್ಯೂಟರಾಗಲಿ ಅದನ್ನು ನೋಡಲಾರವು. ಮನೆಯ ರೂಟರಿಗೂ ಇದಕ್ಕೂ ನಡುವೆ ಒಂದೇ ಒಂದು ಕೇಬಲ್ ಇರಲಿ. ಖಾಲಿಯಿದೆ ಎಂದು ಎರಡನೆಯದನ್ನು ಸಿಕ್ಕಿಸಿದರೆ ಸಂದೇಶಗಳು ವೃತ್ತದಲ್ಲಿ ಸುತ್ತುತ್ತಾ ಇಡೀ ಮನೆಯ ನೆಟ್‌ವರ್ಕನ್ನು ಕೆಡವುತ್ತವೆ. ಎಲ್ಲ ದೀಪಗಳೂ ಬಿಡುವಿಲ್ಲದೆ ಒಂದೇ ಸಮ ಮಿನುಗುವುದು ಅದರ ಗುರುತು.

ಹಳೆಯ ರೂಟರ್ ತಾನಾಗಿಯೇ ಆರಿ ಹತ್ತುತ್ತಿದ್ದರೆ ಅದರ ಕರೆಂಟ್ ಅಡಾಪ್ಟರನ್ನು ಅನುಮಾನಿಸಿ. ಡಬ್ಬದಲ್ಲಿ ಸಿಕ್ಕಿದ ಯಾವುದೋ ಅಡಾಪ್ಟರಿನ ಪಿನ್ನು ಕೂತಿತು ಎಂದು ಹಾಕಿದ್ದರೆ ಎರಡರ ಮೇಲಿನ ಚೀಟಿ ಓದಿ: ವೋಲ್ಟು ಒಂದೇ ಇರಬೇಕು, ಪ್ಲಸ್ ಮೈನಸ್ ಗುರುತು ಒಂದೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚು ಇರಬೇಕು. ಗಾಳಿ ಕಂಪ್ರೆಸರ್ ಶುರುವಾದ ಕ್ಷಣಕ್ಕೇ ರೂಟರ್ ಆರುತ್ತಿದ್ದರೆ ಎರಡಕ್ಕೂ ಬೇರೆ ಬೇರೆ ಸರ್ಕೀಟಿನ ಸಾಕೆಟ್ ಕೊಡಿ.

ಕರೆಂಟ್ ವೈರಿನ ಮೇಲೆ ನೆಟ್ ಕಳಿಸುವ ಪವರ್‌ಲೈನ್ ಅಡಾಪ್ಟರುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವನ್ನು ಗೋಡೆಯ ಸಾಕೆಟ್ಟಿಗೇ ನೇರವಾಗಿ ಹಾಕಿ. ಸ್ಪೈಕ್ ಗಾರ್ಡಿನ ಮೂಲಕ ಹಾಕಿದರೆ ಅದರೊಳಗಿನ ಫಿಲ್ಟರು ಸಿಗ್ನಲ್ಲನ್ನೇ ಸೋಸಿಬಿಡುತ್ತದೆ. ಡ್ರಿಲ್, ಗ್ರೈಂಡರ್, ಬ್ಯಾಟರಿ ಚಾರ್ಜರ್ ಓಡುವಾಗ ಮಾತ್ರ ಕೆಡುತ್ತಿದ್ದರೆ ಕಾರಣ ಅವೇ. ಗ್ಯಾರೇಜಿಗೆ ಬೇರೆ ಫೇಸಿನಿಂದ ಕರೆಂಟ್ ಬಂದಿದ್ದರೆ ಅವುಗಳನ್ನು ನೆಚ್ಚಿಕೊಳ್ಳುವುದು ಕಷ್ಟ. ನಾನಾಗಿದ್ದರೆ ಕೇಬಲ್ಲಿಗೆ ತೂತು ಕೊರೆಯುತ್ತೇನೆ.

ನೆಟ್ ಬಂತು, ಫೋಲ್ಡರ್ ಕಾಣುತ್ತಿಲ್ಲ

ಗೇಟ್‌ವೇಗೆ ಪಿಂಗ್ ಸರಿಯಿದ್ದು, ಮನೆಯ ಲ್ಯಾಪ್‌ಟಾಪಿನಿಂದ ಗ್ಯಾರೇಜಿನ ಕಂಪ್ಯೂಟರಿನ ಫೋಲ್ಡರ್ ಮಾತ್ರ ತೆರೆಯದಿದ್ದರೆ ಕೇಬಲ್, ವೈಫೈ ಎರಡನ್ನೂ ಮುಟ್ಟಬೇಡಿ. ವಿಂಡೋಸ್‌ನಲ್ಲಿ ಆ ನೆಟ್‌ವರ್ಕ್ ‘ಪಬ್ಲಿಕ್’ ಎಂದಿದ್ದರೆ ‘ಪ್ರೈವೇಟ್’ ಮಾಡಿ. ಪಬ್ಲಿಕ್ ಇದ್ದಾಗ ಫೈರ್‌ವಾಲ್ ಹಂಚಿಕೆಯನ್ನು ತಡೆಯುತ್ತದೆ, ಪಿಂಗಿಗೂ ಉತ್ತರ ಕೊಡದಿರಬಹುದು. ಗ್ಯಾರೇಜಿನದು ವಿಂಡೋಸ್ ಎಕ್ಸ್‌ಪಿಯಷ್ಟು ಹಳೆಯದಾದರೆ ಕಾರಣ ಬೇರೆ: ಅದಕ್ಕೆ ಗೊತ್ತಿರುವುದು ಎಸ್‌ಎಂಬಿ 1 ಎಂಬ ಹಳೆಯ ಹಂಚಿಕೆಯ ಭಾಷೆ, 2017ರ 1709 ಆವೃತ್ತಿಯಿಂದ ವಿಂಡೋಸ್ 10 ಅದನ್ನು ತಾನಾಗಿ ಹಾಕಿಕೊಳ್ಳುವುದಿಲ್ಲ. ಅದು ಅಸುರಕ್ಷಿತ ಎಂದೇ ತೆಗೆದದ್ದು, ಮತ್ತೆ ಹಚ್ಚಬೇಡಿ. ಹಳೆಯ ಕಂಪ್ಯೂಟರಿಗೆ ಹಗುರವಾದ ಒಂದು ಲಿನಕ್ಸ್ ಹಾಕುವುದು ಒಳ್ಳೆಯದು.

ಸರಿಯಾಯಿತು ಎಂದು ಅನಿಸಿದ ದಿನವೇ ಮುಗಿಯಿತು ಎನ್ನಬೇಡಿ. ಅಂದು ರಾತ್ರಿ ಕಾರನ್ನು ಒಳಗೆ ನಿಲ್ಲಿಸಿ, ಶಟರ್ ಪೂರ್ತಿ ಎಳೆದು, ಗ್ಯಾರೇಜಿನ ಕಂಪ್ಯೂಟರ್ ನಿದ್ದೆಗೆ ಜಾರದಂತೆ ಮಾಡಿ, ಗೇಟ್‌ವೇಗೆ ‘-ಟಿ’ ಹಾಕಿದ ಪಿಂಗ್ ಓಡಲು ಬಿಟ್ಟು ಮಲಗಿ. ಬೆಳಗ್ಗೆ ಶಟರ್ ಎತ್ತುವ ಮೊದಲು ಒಳಗಿನ ಬಾಗಿಲಿನಿಂದ ಹೋಗಿ ಕಂಟ್ರೋಲ್ ಮತ್ತು ಸಿ ಒಟ್ಟಿಗೆ ಒತ್ತಿ. ಎಷ್ಟು ಕಳಿಸಿತು, ಎಷ್ಟು ಬಂತು, ಎಷ್ಟು ಕಳೆದುಹೋಯಿತು ಎಂದು ಕೊನೆಯ ಸಾಲುಗಳಲ್ಲಿ ಬರುತ್ತದೆ. ಆ ಅಂಕಿಯನ್ನೂ ಸಿಗ್ನಲ್ಲಿನ ಶೇಕಡಾವನ್ನೂ, ಹಳೆಯ ರೂಟರಿನ ವಿಳಾಸವನ್ನೂ, ಚಾನೆಲ್ ಸಂಖ್ಯೆಯನ್ನೂ ದಿನಾಂಕ ಹಾಕಿ ಒಂದು ಚೀಟಿಯಲ್ಲಿ ಬರೆದು ಸಿಪಿಯು ಪಕ್ಕಕ್ಕೆ ಅಂಟಿಸಿ. ಮುಂದಿನ ಸಲ ನೆಟ್ ಹೋದಾಗ ಮೊದಲು ಓದಬೇಕಾದದ್ದು ಆ ಚೀಟಿ.